ಮಂಗನ ಕಾಯಿಲೆಯ ಕಾಲದಲ್ಲಿ ಕಾಡಿಗೆ ಹೋಗಿ ಬರುವುದು ಹೇಗೆ

ಮಲೆನಾಡಿನವರಿಗೆ ಕಾಡಿಗೆ ಹೋಗಬೇಡಿ ಎಂದು ಹೇಳುವುದು ಸುಲಭ, ಆದರೆ ಪಾಲಿಸುವುದು ಆಗದ ಮಾತು. ತೋಟಕ್ಕೆ ಸೊಪ್ಪು ಬೇಕು, ಕೊಟ್ಟಿಗೆಗೆ ದರಕು, ಅಂದರೆ ಒಣ ತರಗೆಲೆ ಬೇಕು, ಬಚ್ಚಲೊಲೆಗೆ ಕಟ್ಟಿಗೆ ಬೇಕು. ಮೇಯಲು ಹೋದ ದನ ಕತ್ತಲಾದರೂ ಮರಳದಿದ್ದರೆ ಹುಡುಕಿಕೊಂಡು ಹೋಗಲೇಬೇಕು. ಆದ್ದರಿಂದ ಈ ಬರಹ ಕಾಡಿಗೆ ಹೋಗದೆ ಇರುವುದು ಹೇಗೆ ಎಂಬುದನ್ನು ಕುರಿತದ್ದಲ್ಲ. ಹೋಗುವ ಮುನ್ನ, ಅಲ್ಲಿರುವಾಗ, ಎಲ್ಲಕ್ಕಿಂತ ಮುಖ್ಯವಾಗಿ ಮನೆಗೆ ಮರಳಿದ ಮೇಲಿನ ಮೊದಲ ಅರ್ಧ ಗಂಟೆಯಲ್ಲಿ ಏನು ಮಾಡಬೇಕು ಎಂಬುದನ್ನು ಕುರಿತದ್ದು.

ಕಚ್ಚುವುದು ಯಾವುದು, ಯಾವಾಗ

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತು ಬೀಳುತ್ತಿದ್ದುದು ಹೊರಜಗತ್ತಿನ ಗಮನಕ್ಕೆ ಬಂತು. ಸುತ್ತಲಿನ ಹಳ್ಳಿಗಳಲ್ಲಿ ಅದೇ ಹೊತ್ತಿಗೆ ವಿಪರೀತ ಜ್ವರವೂ ಹರಡಿತ್ತು. ಮಂಗ ಮತ್ತು ಮನುಷ್ಯ ಇಬ್ಬರೂ ಒಟ್ಟಿಗೆ ಮಲಗಿದ್ದನ್ನು ಕಂಡು ಆಫ್ರಿಕಾದ ಹಳದಿ ಜ್ವರ ಭಾರತಕ್ಕೂ ಕಾಲಿಟ್ಟಿತೇನೋ ಎಂಬ ಆತಂಕ ತಜ್ಞರಲ್ಲಿ ಹುಟ್ಟಿತ್ತು. ಇಂದು ರಾಷ್ಟ್ರೀಯ ವೈರಾಣು ಸಂಸ್ಥೆ ಎಂದು ಕರೆಯುವ ಪುಣೆಯ ಅಂದಿನ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಸತ್ತ ಮಂಗಗಳಿಂದ, ರೋಗಿಗಳ ರಕ್ತದಿಂದ ಹಾಗೂ ಉಣುಗುಗಳಿಂದ ವೈರಾಣುವನ್ನು ಬೇರ್ಪಡಿಸಿದಾಗ, ಅದು ಹಳದಿ ಜ್ವರದ್ದಲ್ಲ, ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮೆದುಳು ಜ್ವರದ ವೈರಾಣುವಿನ ಬಂಧು ಎಂಬುದು ತಿಳಿಯಿತು. ಕಾಡಿನ ಹೆಸರೇ ರೋಗಕ್ಕೂ ಬಂತು. ಸರ್ಕಾರಿ ಕಡತಗಳಲ್ಲಿ ಅದು ಕೆಎಫ್‌ಡಿ (ಕ್ಯಾಸನೂರು ಫಾರೆಸ್ಟ್ ಡಿಸೀಸ್), ಊರವರ ಬಾಯಲ್ಲಿ ಮಂಗನ ಕಾಯಿಲೆ.

ಈ ಎರಡನೆಯ ಹೆಸರು ಸ್ವಲ್ಪ ದಾರಿ ತಪ್ಪಿಸುವಂಥದ್ದು. ಮಂಗ ಇದರಲ್ಲಿ ನಮ್ಮಂತೆಯೇ ಬಲಿಪಶು. ಅದು ಕಚ್ಚಿದ್ದರಿಂದಲೋ ಪರಚಿದ್ದರಿಂದಲೋ ಈ ರೋಗ ಬರುವುದಿಲ್ಲ. ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಜಾತಿಯ ಉಣುಗು ಇದರ ಮುಖ್ಯ ವಾಹಕ. ನಾವು ಅದನ್ನು ಹುಳು ಎಂದರೂ ಉಣುಗು ಕೀಟವಲ್ಲ, ಎಂಟು ಕಾಲಿನ ಜೇಡನ ಬಳಗಕ್ಕೆ ಸೇರಿದ್ದು. ಇದಕ್ಕೆ ರೆಕ್ಕೆಯಿಲ್ಲ, ಚಿಗಟದಂತೆ ಜಿಗಿಯಲೂ ಬಾರದು. ಒಣಗಿದ ಎಲೆಯ ಅಂಚಿನಲ್ಲೋ ಹುಲ್ಲಿನ ತುದಿಯಲ್ಲೋ ಮುಂಗಾಲುಗಳನ್ನು ಚಾಚಿ ಕಾದು ಕುಳಿತಿದ್ದು, ಹಾದುಹೋಗುವ ಪ್ರಾಣಿಯ ಉಸಿರು ಮತ್ತು ಮೈಬಿಸಿಯ ಸುಳಿವು ಸಿಕ್ಕೊಡನೆ ಅದರ ಮೈಯನ್ನು ಹಿಡಿದುಕೊಳ್ಳುತ್ತದೆ. ಹಾರಿ ಬರುವ ಸೊಳ್ಳೆಯಿಂದ ತಪ್ಪಿಸಿಕೊಳ್ಳುವುದಕ್ಕಿಂತ, ಕಾದು ಕುಳಿತಿರುವ ಉಣುಗಿನಿಂದ ತಪ್ಪಿಸಿಕೊಳ್ಳುವುದು ಬಹುಮಟ್ಟಿಗೆ ನಮ್ಮ ಕೈಯಲ್ಲೇ ಇದೆ.

ಉಣುಗಿನ ಬದುಕಿನ ಲೆಕ್ಕ ತಿಳಿದರೆ ಎಚ್ಚರದ ಕಾಲ ಯಾವುದೆಂಬುದು ತಾನೇ ತಿಳಿಯುತ್ತದೆ. ಬಲಿತ ಉಣುಗುಗಳು ಮಳೆಗಾಲದಲ್ಲಿ ಹೆಚ್ಚಾಗಿ ದನ ಎಮ್ಮೆಗಳ ಮೈಯಲ್ಲಿರುತ್ತವೆ. ಹೊಟ್ಟೆ ತುಂಬಿದ ಮೇಲೆ ನೆಲಕ್ಕೆ ಬಿದ್ದು ಮೊಟ್ಟೆಯಿಡುತ್ತವೆ. ಮಳೆ ಹಿಂದೆ ಸರಿಯುವ ಹೊತ್ತಿಗೆ ಆರು ಕಾಲಿನ ಮರಿಗಳು ಹೊರಬಂದು ಕಾಡಿಲಿ, ಹಕ್ಕಿ, ಮಂಗಗಳ ರಕ್ತ ಹೀರುತ್ತವೆ, ಸೋಂಕು ಅವುಗಳಿಗೆ ತಗಲುವುದು ಮುಖ್ಯವಾಗಿ ಆಗ. ಆ ಮರಿ ಪೊರೆ ಕಳಚಿ ಎಂಟು ಕಾಲಿನ ಎಳೆ ಉಣುಗಾದಾಗಲೂ ವೈರಾಣು ಅದರೊಳಗೆ ಉಳಿದುಕೊಂಡಿರುತ್ತದೆ. ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದು ಈ ಎಳೆ ಉಣುಗೇ. ಗಾತ್ರದಲ್ಲಿ ಅದು ರಾಗಿ ಕಾಳಿಗಿಂತ ದೊಡ್ಡದಲ್ಲ, ಕಚ್ಚಿದ್ದು ಬಹಳ ಸಲ ಗೊತ್ತೂ ಆಗುವುದಿಲ್ಲ. ನವೆಂಬರಿನಿಂದ ಮೇ ತಿಂಗಳವರೆಗೆ ಅದರ ಓಡಾಟ ಇರುತ್ತದೆ; ಅದರಲ್ಲೂ ಜನವರಿಯಿಂದ ಏಪ್ರಿಲ್‌ವರೆಗಿನ ದಿನಗಳು ಹೆಚ್ಚು ಅಪಾಯದವು. ಅಡಿಕೆ ಕೊಯ್ಲು ಮುಗಿಯುತ್ತ ಬಂದು, ಎಲೆ ಉದುರಿ, ದರಕು ಗುಡಿಸುವ ಕಾಲ ಯಾವುದೋ ಅದೇ ಇದು. ಕಾಯಿಲೆಯ ದುರದೃಷ್ಟವೆಲ್ಲ ಈ ಹೊಂದಾಣಿಕೆಯಲ್ಲಿದೆ.

ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳವರಿಗೆ ಇದೆಲ್ಲ ಹಳೆಯ ಮಾತು. ಆದರೆ 2012ರಲ್ಲಿ ಬಂಡೀಪುರದ ಕಾಡಿನಲ್ಲಿ, ಅನಂತರದ ವರ್ಷಗಳಲ್ಲಿ ವಯನಾಡು, ನೀಲಗಿರಿ, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗಗಳಲ್ಲಿಯೂ ರೋಗ ಕಾಣಿಸಿಕೊಂಡಿರುವುದರಿಂದ, ಪಶ್ಚಿಮ ಘಟ್ಟದ ಯಾವ ಕಾಡಿಗೆ ಚಾರಣ ಹೋಗುವವರೂ ಮುಂದಿನ ಮಾತುಗಳನ್ನು ತಮಗೂ ಹೇಳಿದ್ದೆಂದೇ ತಿಳಿಯಬಹುದು.

ಹೊರಡುವ ಮುನ್ನ

ಮೈತುಂಬ ಬಟ್ಟೆ ಧರಿಸಬೇಕು ಎಂದು ಎಲ್ಲ ಕರಪತ್ರಗಳೂ ಹೇಳುತ್ತವೆ. ಹೇಗೆ ಎಂಬುದನ್ನು ಬಿಡಿಸಿ ಹೇಳುವುದು ಕಡಿಮೆ. ಉಣುಗು ಸಾಮಾನ್ಯವಾಗಿ ಕಾಲಿನಿಂದ ಮೇಲಕ್ಕೆ ಹತ್ತುತ್ತದೆಯಾದ್ದರಿಂದ ಬಟ್ಟೆಯ ಕೆಳತುದಿಗಳನ್ನು ಮುಚ್ಚುವುದೇ ಮುಖ್ಯ: ಪ್ಯಾಂಟಿನ ತುದಿಯನ್ನು ಕಾಲುಚೀಲದ ಒಳಗೆ, ಅಂಗಿಯ ತುದಿಯನ್ನು ಪ್ಯಾಂಟಿನ ಒಳಗೆ ಸೇರಿಸಬೇಕು. ಲುಂಗಿ ಎತ್ತಿ ಕಟ್ಟಿಕೊಂಡು ಹೋಗುವುದು ಉಣುಗಿಗೆ ಬಾಗಿಲು ತೆರೆದಿಟ್ಟಂತೆ. ಸೀರೆಯುಟ್ಟೋ ನೈಟಿ ತೊಟ್ಟೋ ಸೊಪ್ಪಿಗೆ ಹೋಗುವ ಹೆಂಗಸರು ಒಳಗೊಂದು ಹಳೆಯ ಪ್ಯಾಂಟು ಹಾಕಿ, ಅದರ ತುದಿಯನ್ನು ಕಾಲುಚೀಲದೊಳಗೆ ಸಿಕ್ಕಿಸಿ, ಮೇಲೊಂದು ತುಂಬುತೋಳಿನ ಅಂಗಿ ತೊಡುವುದು ನಮ್ಮ ಕಡೆ ಈಗ ರೂಢಿಯಾಗುತ್ತಿದೆ. ನೋಡಲು ಹೇಗಿದ್ದರೂ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಬಟ್ಟೆ ತಿಳಿ ಬಣ್ಣದ್ದಾದರೆ ಹತ್ತುತ್ತಿರುವ ಉಣುಗು ಕಣ್ಣಿಗೆ ಬೀಳುತ್ತದೆ. ಕಂಬಳಿಯ ನೂಲಿನಲ್ಲಿ ಸೇರಿಕೊಂಡರೆ ಮಾತ್ರ ಕಾಣುವುದಿಲ್ಲ.

ರೋಗ ಇರುವ ಹಳ್ಳಿಗಳಲ್ಲಿ ಆರೋಗ್ಯ ಇಲಾಖೆಯವರು ಡೇಪಾ ಎಂಬ ಎಣ್ಣೆಯನ್ನು ಉಚಿತವಾಗಿ ಹಂಚುತ್ತಾರೆ. ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒ ರೂಪಿಸಿದ ಉಣುಗು ವಿಕರ್ಷಕ ಅದು. ಮೊದಲು ಕೊಡುತ್ತಿದ್ದುದು ಡಿಎಂಪಿ ಎಣ್ಣೆ. ಅನೇಕರ ಮನೆಯಲ್ಲಿ ಇದರ ಬಾಟಲಿ ಕಿಟಕಿಯ ಮೇಲೆ ಮುಚ್ಚಳ ತೆರೆಯದೆ ಧೂಳು ಹಿಡಿದಿರುವುದನ್ನು ನೋಡಿದ್ದೇನೆ. ಹೊರಡುವ ಮುನ್ನ ಪಾದ, ಮೊಣಕಾಲಿನವರೆಗಿನ ಕಾಲು, ಕೈ, ಕುತ್ತಿಗೆಗಳಿಗೆ ಸಮನಾಗಿ ಸವರಬೇಕು. ಕಣ್ಣು, ತುಟಿ, ಗಾಯಗಳಿಗೆ ತಾಗಿಸಬಾರದು, ಎಣ್ಣೆಗೈಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳಬಾರದು. ಅದರ ಪರಿಣಾಮ ಕೆಲವು ಗಂಟೆಗಳದ್ದು ಮಾತ್ರ, ಬೆವರಿದರೆ ಇನ್ನೂ ಕಡಿಮೆ. ಬೆಳಗ್ಗೆ ಹಚ್ಚಿದ್ದು ಸಂಜೆಯವರೆಗೂ ಕಾಯುತ್ತದೆಂದು ನಂಬದೆ ಬಾಟಲಿಯನ್ನು ಬುತ್ತಿಯ ಚೀಲದಲ್ಲಿಯೇ ಒಯ್ಯಿರಿ.

ಕಾಡಿನಲ್ಲಿ, ಮತ್ತು ದರಕಿನ ವಿಚಾರ

ದಣಿವಾದರೆ ನೆಲದ ಮೇಲೆ, ಅದರಲ್ಲೂ ತರಗೆಲೆಯ ಮೇಲೆ ಕೂರಬೇಡಿ. ತೆರವಾದ ಬಂಡೆ ಸಿಕ್ಕರೆ ಅದರ ಮೇಲೆ ಕುಳಿತುಕೊಳ್ಳಿ. ಬಿಚ್ಚಿದ ಅಂಗಿಯನ್ನಾಗಲಿ ಬುತ್ತಿಯ ಚೀಲವನ್ನಾಗಲಿ ಪೊದೆಯ ಮೇಲೆ ಹಾಕಬೇಡಿ. ಇಷ್ಟು ಸುಲಭದ ಮಾತು.

ದರಕಿನದು ಅಷ್ಟು ಸುಲಭವಲ್ಲ. ಸೊಪ್ಪಿನ ಬೆಟ್ಟದಲ್ಲಿ ಗುಡಿಸಿದ ಒಣ ಎಲೆಯನ್ನು ಬುಟ್ಟಿಗೆ ತುಂಬಿ, ಕಾಲಿನಿಂದ ತುಳಿದು ಒತ್ತಿ, ತಲೆಯ ಮೇಲೆ ಹೊತ್ತು ತಂದು, ಕೊಟ್ಟಿಗೆಯ ಪಕ್ಕದಲ್ಲಿ ರಾಶಿ ಹಾಕುವ ಕ್ರಮವನ್ನು ಒಂದೊಂದು ಹೆಜ್ಜೆಯಾಗಿ ನೋಡಿದರೆ, ಉಣುಗಿಗೆ ಇದಕ್ಕಿಂತ ಅನುಕೂಲದ ವಾಹನ ಇನ್ನೊಂದಿಲ್ಲ ಎನಿಸುತ್ತದೆ. ಅದು ಎಲೆಯೊಡನೆ ನಮ್ಮ ತಲೆಯ ಮೇಲೆ ಕುಳಿತು ಮನೆಯ ಅಂಗಳಕ್ಕೇ ಬರುತ್ತದೆ. ಕಾಡಿನ ಮುಖವನ್ನೇ ನೋಡದ ಮಗುವಿಗೂ ಮುದುಕರಿಗೂ ಕಚ್ಚುತ್ತದೆ. ದರಕು ತರುವುದನ್ನೇ ಬಿಡಿ ಎಂದು ನಾನು ಹೇಳಲಾರೆ, ಏಕೆಂದರೆ ಅದಿಲ್ಲದೆ ಗೊಬ್ಬರವಿಲ್ಲ. ಆದರೆ ಆ ವರ್ಷ ಮಂಗ ಸತ್ತ ಸುದ್ದಿಯಿರುವ ಬೆಟ್ಟದಿಂದ ತರುವುದನ್ನು ಖಂಡಿತ ಬಿಡಬೇಕು. ಆ ಒಂದು ವರ್ಷ ಭತ್ತದ ಹುಲ್ಲು, ತೋಟದಲ್ಲೇ ಬಿದ್ದ ಅಡಿಕೆ ಸೋಗೆಗಳಿಂದ ಕೊಟ್ಟಿಗೆ ಸುಧಾರಿಸಬೇಕು. ಉಳಿದಂತೆ, ಗುಡಿಸುವಾಗ ಕೈಗವಸು ಮತ್ತು ಗಂಬೂಟು ಇರಲಿ, ಬುಟ್ಟಿಯನ್ನು ಬರಿಗಾಲಿನಲ್ಲಿ ತುಳಿಯಬೇಡಿ, ಹೊರುವಾಗ ತಲೆ ಕುತ್ತಿಗೆಗಳು ಮುಚ್ಚಿರಲಿ. ರಾಶಿಯನ್ನು ಮನೆಯಿಂದ ದೂರದಲ್ಲಿ ಹಾಕಿ, ಮಕ್ಕಳು ಅದರ ಮೇಲೆ ಹಾರಿ ಆಡದಂತೆ ನೋಡಿಕೊಳ್ಳಿ. ನಾವೆಲ್ಲ ಹಾರಿ ಆಡಿದವರೇ, ಆದರೂ ಇದನ್ನು ತಡೆಯಲೇಬೇಕು.

ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ. ಕಪ್ಪು ಮೂತಿಯ ಮುಸಿಯ, ಕೆಂಪು ಮೂತಿಯ ಮಂಗ ಎರಡಕ್ಕೂ ಈ ರೋಗ ಬರುತ್ತದೆ. ಮಂಗ ಸತ್ತು ಮೈ ತಣ್ಣಗಾಗುತ್ತಿದ್ದಂತೆ ಅದರ ಮೈಮೇಲಿದ್ದ ಉಣುಗುಗಳು ಕೆಳಗಿಳಿದು ಸುತ್ತಲಿನ ಎಲೆಗಳಲ್ಲಿ ಹರಡಿಕೊಳ್ಳುತ್ತವೆ. ಆ ಜಾಗವೇ ಕೆಲಕಾಲ ರೋಗದ ಗೂಡಾಗಿಬಿಡುತ್ತದೆ. ಹೂಳುವುದು ಪುಣ್ಯದ ಕೆಲಸವೆಂದು ಊರಿನವರೇ ಮಂಗನ ಹೆಣವನ್ನು ಎತ್ತಿ, ಪೂಜೆ ಮಾಡಿ, ಸಮಾಧಿ ಮಾಡುವ ಪದ್ಧತಿ ನಮ್ಮಲ್ಲಿದೆ. ಭಕ್ತಿಯನ್ನು ದೂರದಿಂದಲೇ ಸಲ್ಲಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಗ್ರಾಮ ಪಂಚಾಯಿತಿಗೋ ಅರಣ್ಯ ರಕ್ಷಕರಿಗೋ ಕೂಡಲೇ ಫೋನ್ ಮಾಡಿ, ಜಾಗದ ಗುರುತು ಹೇಳಿ. ರಕ್ಷಣಾ ಉಡುಪು ತೊಟ್ಟ ಪಶುವೈದ್ಯರು ಬಂದು ಮಾದರಿ ತೆಗೆಯುತ್ತಾರೆ, ಹೆಣವನ್ನು ಸುಡುತ್ತಾರೆ, ಸುತ್ತಲೂ ಮೆಲಾಥಿಯಾನ್ ಪುಡಿ ಎರಚುತ್ತಾರೆ. ಇಡೀ ಊರಿಗೆ ಮುಂಚಿತವಾಗಿ ಸಿಗುವ ಎಚ್ಚರಿಕೆಯೆಂದರೆ ಮಂಗನ ಸಾವೇ. ಮಂಗಗಳನ್ನು ಓಡಿಸುವುದರಿಂದಲೋ ಕೊಲ್ಲುವುದರಿಂದಲೋ ರೋಗ ಹೋಗುವುದಿಲ್ಲ, ಎಚ್ಚರಿಕೆಯ ಗಂಟೆಯನ್ನು ನಾವೇ ಕಿತ್ತು ಹಾಕಿದಂತಾಗುತ್ತದೆ ಅಷ್ಟೆ.

ಮರಳಿ ಬಂದ ಮೇಲಿನ ಅರ್ಧ ಗಂಟೆ

ಕಾಡಿನಿಂದ ಬಂದವರು ನೇರವಾಗಿ ಜಗಲಿಗೆ ಹೋಗಿ ಕೂರುವುದು, ಕಾಫಿ ಕುಡಿಯುತ್ತ ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವುದು ಸಹಜ. ಈ ತಿಂಗಳುಗಳಲ್ಲಿ ಆ ಕ್ರಮ ತಿರುಗಬೇಕು. ಮೊದಲು ಬಚ್ಚಲು, ಆಮೇಲೆ ಕಾಫಿ. ಹಿತ್ತಿಲ ಬಾಗಿಲಿನಿಂದ ಬಚ್ಚಲಿಗೆ ಹೋಗಿ, ತೊಟ್ಟ ಬಟ್ಟೆಯನ್ನೆಲ್ಲ ಕಳಚಿ, ಹಂಡೆಯಿಂದ ತೋಡಿದ ಕುದಿನೀರು ತುಂಬಿದ ಬಕೆಟಿನಲ್ಲಿ ಮುಳುಗಿಸಿಡಿ. ನಾಳೆಯೂ ಇದೇ ಬಟ್ಟೆ ಎಂದು ಗೂಟಕ್ಕೆ ನೇತುಹಾಕಿದರೆ ಅದರಲ್ಲಿರುವ ಉಣುಗು ರಾತ್ರಿಯೆಲ್ಲ ಮನೆಯೊಳಗೇ ಇರುತ್ತದೆ.

ಅನಂತರ ಬಿಸಿನೀರು, ಸೋಪು, ಒರಟು ಬಟ್ಟೆಯಿಂದ ಚೆನ್ನಾಗಿ ಉಜ್ಜಿ ಸ್ನಾನ ಮಾಡಬೇಕು. ಇನ್ನೂ ಕಚ್ಚಿ ಹಿಡಿಯದೆ ಮೈಮೇಲೆ ಓಡಾಡುತ್ತಿರುವ ಉಣುಗುಗಳು ಇದರಲ್ಲಿ ಹೋಗುತ್ತವೆ. ಕಚ್ಚಿಕೊಂಡವು ಹೋಗುವುದಿಲ್ಲ; ಅವನ್ನು ಹುಡುಕಬೇಕು. ಮೈ ಒರೆಸಿಕೊಂಡ ಮೇಲೆ ಒಳ್ಳೆಯ ಬೆಳಕಿನಲ್ಲಿ ಕಂಕುಳು, ತೊಡೆಸಂದು, ಮೊಣಕಾಲಿನ ಹಿಂಬದಿ, ಉಡಿದಾರದ ಜಾಗ, ಹೊಕ್ಕುಳು, ಕಿವಿಯ ಹಿಂದೆ, ಕತ್ತಿನ ಕೂದಲಂಚು, ಕಾಲ್ಬೆರಳ ಸಂದು ಇಷ್ಟನ್ನೂ ಬಿಡದೆ ನೋಡಿ. ಕಣ್ಣಿಗಿಂತ ಬೆರಳನ್ನು ಹೆಚ್ಚು ನಂಬಬಹುದು. ಎಳೆ ಉಣುಗು ನೋಡಲು ಮಚ್ಚೆಯಂತಿದ್ದರೂ ಬೆರಳ ತುದಿಯಿಂದ ಮೆಲ್ಲನೆ ಸವರಿದಾಗ ಚರ್ಮಕ್ಕೆ ಅಂಟಿದ ರಾಗಿ ಕಾಳಿನಂತೆ ಸಿಗುತ್ತದೆ, ಮಚ್ಚೆ ಹಾಗೆ ಸಿಗುವುದಿಲ್ಲ. ಬೆನ್ನು ಮತ್ತು ನೆತ್ತಿಯನ್ನು ಮನೆಯವರೊಬ್ಬರು ನೋಡಬೇಕು. ಮಕ್ಕಳ ತಲೆಯನ್ನು ಹೇನು ನೋಡುವಷ್ಟೇ ನಿಧಾನವಾಗಿ ಬೈತಲೆ ತೆಗೆದು ತೆಗೆದು ನೋಡಿ.

ಕಚ್ಚಿಕೊಂಡ ಉಣುಗನ್ನು ತೆಗೆಯುವುದಕ್ಕೆ ಚೂಪು ತುದಿಯ ಚಿಮಟ ಬೇಕು. ಹುಬ್ಬಿನ ಕೂದಲು ಕೀಳುವ ಪ್ಲಕ್ಕರಿನಲ್ಲಿ ತುದಿ ಸಣ್ಣದಾಗಿರುವುದೂ ಆದೀತು. ಉಣುಗಿನ ಉಬ್ಬಿದ ಹೊಟ್ಟೆಯನ್ನು ಹಿಡಿಯಬಾರದು. ಚಿಮಟದ ತುದಿಯನ್ನು ಚರ್ಮಕ್ಕೆ ಒತ್ತಿದಂತಿಟ್ಟು, ಬಾಯಿ ಚರ್ಮದೊಳಗೆ ಹೋಗಿರುವಲ್ಲಿಯೇ ಹಿಡಿದು, ತಿರುಚದೆ, ಜಗ್ಗದೆ, ಒಂದೇ ಸಮನಾದ ಬಲದಿಂದ ನೇರ ಮೇಲಕ್ಕೆ ಎಳೆಯಬೇಕು. ಚರ್ಮ ಗುಡಾರದಂತೆ ತುಸು ಮೇಲೇಳುತ್ತದೆ. ಅವಸರ ಮಾಡದೆ ಹಾಗೆಯೇ ಹಿಡಿದಿದ್ದರೆ ಕೆಲವು ಕ್ಷಣಗಳಲ್ಲಿ ಉಣುಗು ತಾನಾಗಿ ಬಿಟ್ಟುಕೊಡುತ್ತದೆ. ಬಾಯಿಯ ಚೂರು ಒಳಗೆ ಉಳಿದರೆ ಸೂಜಿಯಿಂದ ಕೆದಕುವುದು ಬೇಡ, ಮುಳ್ಳಿನ ತುದಿಯಂತೆ ಅದು ದಿನ ಕಳೆದಂತೆ ತಾನೇ ಹೊರಬೀಳುತ್ತದೆ. ತೆಗೆದ ಉಣುಗನ್ನು ಹೇನು ಕುಟ್ಟಿದಂತೆ ಉಗುರುಗಳ ನಡುವೆ ಒತ್ತಿ ಕೊಲ್ಲಬೇಡಿ. ವೈರಾಣು ಅದರ ರಸದಲ್ಲಿರುತ್ತದೆ. ಸ್ಪಿರಿಟ್ ಹಾಕಿದ ಸಣ್ಣ ಶೀಶೆಯಲ್ಲಿ ಹಾಕಿ ಮುಚ್ಚಳ ಬಿಗಿ ಮಾಡಿ, ಕಚ್ಚಿದ ಜಾಗವನ್ನೂ ಕೈಯನ್ನೂ ಸೋಪಿನಿಂದ ತೊಳೆದುಕೊಳ್ಳಿ.

ಸೀಮೆಎಣ್ಣೆ ಬಿಡುವುದು, ಸುಣ್ಣ ಹಚ್ಚುವುದು, ಹೊಗೆಸೊಪ್ಪಿನ ನೀರು ಸವರುವುದು, ಉರಿಯುವ ಬೀಡಿಯ ತುದಿ ತಾಗಿಸುವುದು ನಮ್ಮ ಹಿರಿಯರು ಬಳಸುತ್ತಿದ್ದ ಉಪಾಯಗಳು. ಇವುಗಳಲ್ಲಿ ಉಣುಗು ಸಾಯಲೂಬಹುದು, ಆದರೆ ಸಾಯುವ ಮುನ್ನ ಕೆರಳಿ ತನ್ನ ಜೊಲ್ಲನ್ನು ಗಾಯದೊಳಕ್ಕೆ ಇನ್ನಷ್ಟು ಬಿಡುವ ಸಂಭವವಿದೆ. ಈ ವಿಷಯದಲ್ಲಿ ಮಾತ್ರ ಹಿರಿಯರ ಮಾತನ್ನು ಬದಿಗಿಡುವುದೇ ಸರಿ.

ಕೊನೆಗೆ ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕ ಬರೆಯುವ ಜಾಗದಲ್ಲಿಯೇ, ಯಾರಿಗೆ ಉಣುಗು ಕಚ್ಚಿತೆಂದು ಆ ದಿನದ ಎದುರು ಬರೆದಿಡಿ. ಇದರ ಉಪಯೋಗ ಮುಂದೆ ಬರುತ್ತದೆ.

ದನಗಳ ಮಾತು ಚಿಕ್ಕದು. ದನಕ್ಕೆ ಈ ರೋಗ ಬಾಧಿಸದಿದ್ದರೂ ಬಲಿತ ಉಣುಗುಗಳಿಗೆ ಅದೇ ಆಹಾರ, ಆದ್ದರಿಂದ ಪಶುವೈದ್ಯರ ಸಲಹೆಯಂತೆ ಉಣುಗು ನಾಶಕವನ್ನು ಹಾಕಿಸಬೇಕು. ಐವರ್‌ಮೆಕ್ಟಿನ್‌ನಂತಹ ಔಷಧ ಕೊಡಿಸಿದರೆ ಎಷ್ಟು ದಿನ ಹಾಲು ಬಳಸಬಾರದು ಎಂಬುದನ್ನು ಕೇಳಿಕೊಳ್ಳುವುದನ್ನು ಮರೆಯಬೇಡಿ. ಕಾಡು ಸುತ್ತಿ ಬಂದು ಹಾಸಿಗೆಯ ಬುಡದಲ್ಲಿ ಮಲಗುವ ನಾಯಿಗೂ ಇದೇ ತಪಾಸಣೆ ಅನ್ವಯಿಸುತ್ತದೆ.

ಜ್ವರ ಬಂದರೆ

ಉಣುಗು ಕಚ್ಚಿದ 3ರಿಂದ 8 ದಿನಗಳೊಳಗೆ ಜ್ವರ ಬರುವುದು ಸಾಮಾನ್ಯ. ಅದು ಮೆಲ್ಲನೆ ಏರುವ ಜ್ವರವಲ್ಲ. ಬೆಳಗ್ಗೆ ಸರಿಯಿದ್ದವರು ಸಂಜೆಗೆ ಚಳಿ, ಹಣೆಯ ಭಾಗದ ತೀವ್ರ ತಲೆನೋವು, ಸೊಂಟ ಮತ್ತು ಮೀನಖಂಡಗಳ ಅಸಾಧ್ಯ ನೋವಿನಿಂದ ಮಲಗಿಬಿಡುತ್ತಾರೆ. ಕಣ್ಣು ಕೆಂಪಾಗುತ್ತದೆ, ವಾಂತಿ ಭೇದಿ ಆಗಬಹುದು. ಕೆಲವರಿಗೆ ಮೂರು ನಾಲ್ಕು ದಿನಗಳ ಮೇಲೆ ಮೂಗು, ವಸಡುಗಳಿಂದ ರಕ್ತ ಬರುತ್ತದೆ.

ಕಷ್ಟವೆಂದರೆ ಆರಂಭದ ಈ ಲಕ್ಷಣಗಳೆಲ್ಲ ಡೆಂಗಿಯಲ್ಲಿಯೂ ಇರುತ್ತವೆ. ಎರಡರಲ್ಲಿಯೂ ಪ್ಲೇಟ್‌ಲೆಟ್ ಇಳಿಯುತ್ತದೆ. ಡೆಂಗಿ ತರುವ ಈಡಿಸ್ ಸೊಳ್ಳೆ ಮನೆಯ ಸುತ್ತಲಿನ ನಿಂತ ನೀರಿನಲ್ಲಿ ಬೆಳೆಯುವುದರಿಂದ ಅದರ ಹಾವಳಿ ಮಳೆಗಾಲದಲ್ಲಿ ಮತ್ತು ಅದರ ಬೆನ್ನಿಗೆ ಹೆಚ್ಚು. ಬೇಸಗೆಯ ಮೊದಲ ತಿಂಗಳುಗಳಲ್ಲಿ, ಕಾಡಂಚಿನ ಊರಿನಲ್ಲಿ, ಬೆಟ್ಟಕ್ಕೆ ಹೋಗಿ ಬಂದವರಿಗೆ ಬಂದ ಜ್ವರವನ್ನು ಮಂಗನ ಕಾಯಿಲೆಯೆಂದೇ ಮೊದಲು ಅನುಮಾನಿಸಬೇಕು. ನಮ್ಮ ನೆರೆಮನೆಯವರೊಬ್ಬರನ್ನು ಪೇಟೆಯ ಆಸ್ಪತ್ರೆಯೊಂದರಲ್ಲಿ ಮೂರು ದಿನ ಡೆಂಗಿಯೆಂದೇ ನೋಡಿಕೊಂಡರು. ಕಾಡಿಗೆ ಹೋಗಿದ್ದಿರಾ ಎಂದು ವೈದ್ಯರು ಕೇಳಲಿಲ್ಲ. ದರಕು ತರುವುದು ದಿನದ ಕೆಲಸವಾದ್ದರಿಂದ ಅದೊಂದು ಹೇಳಬೇಕಾದ ಸಂಗತಿಯೆಂದು ಇವರಿಗೂ ತೋಚಲಿಲ್ಲ. ಆದ್ದರಿಂದ ಕೇಳದಿದ್ದರೂ ಹೇಳಿ: ಯಾವ ದಿನ ಯಾವ ಬೆಟ್ಟಕ್ಕೆ ಹೋಗಿದ್ದಿರಿ, ಉಣುಗು ಕಚ್ಚಿತ್ತೇ, ಊರಿನ ಸುತ್ತ ಮಂಗ ಸತ್ತಿದೆಯೇ. ಕ್ಯಾಲೆಂಡರಿನಲ್ಲಿ ಬರೆದಿಟ್ಟದ್ದು ಬೇಕಾಗುವುದು ಇಲ್ಲಿಯೇ. ಜ್ವರದ ಮೊದಲ ದಿನಗಳಲ್ಲಿ ಆರ್‌ಟಿಪಿಸಿಆರ್ ಪರೀಕ್ಷೆಯಲ್ಲಿ ವೈರಾಣು ನೇರವಾಗಿ ಪತ್ತೆಯಾಗುತ್ತದೆ, ತಡವಾದರೆ ಪ್ರತಿಕಾಯಗಳ ಪರೀಕ್ಷೆಯನ್ನು ಅವಲಂಬಿಸಬೇಕಾಗುತ್ತದೆ. ಹೀಗಾಗಿ ದಿನಗಳ ಲೆಕ್ಕ ವೈದ್ಯರಿಗೂ ಬೇಕು.

ಈ ವೈರಾಣುವನ್ನೇ ಕೊಲ್ಲುವ ಔಷಧಿ ಇಲ್ಲ. ಆಸ್ಪತ್ರೆಯಲ್ಲಿ ದ್ರವಾಂಶವನ್ನು ಕಾಪಾಡುತ್ತಾರೆ, ರಕ್ತಸ್ರಾವವನ್ನು ಗಮನಿಸುತ್ತಾರೆ, ಅಗತ್ಯವಿದ್ದರೆ ರಕ್ತದ ಅಂಶಗಳನ್ನು ಕೊಡುತ್ತಾರೆ. ಸರಿಯಾದ ಹೊತ್ತಿಗೆ ಸೇರಿದವರಲ್ಲಿ ಹೆಚ್ಚಿನವರು ಗುಣವಾಗುತ್ತಾರೆ. ಆದರೂ ನೂರು ರೋಗಿಗಳಲ್ಲಿ ಮೂರರಿಂದ ಐದು ಮಂದಿ ತೀರಿಕೊಳ್ಳುವ ರೋಗವಿದು ಎಂಬುದನ್ನು ಹಗುರವಾಗಿ ಕಾಣುವಂತಿಲ್ಲ. ಆಸ್ಪತ್ರೆಗೆ ಹೋಗುವವರೆಗೆ ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ ಸಾಕು. ಮೈಕೈ ನೋವು ತಾಳಲಾರದೆ ಆಸ್ಪಿರಿನ್, ಐಬುಪ್ರೊಫೆನ್ ನುಂಗುವುದು, ಹತ್ತಿರದಲ್ಲಿ ಸಿಕ್ಕವರಿಂದ ನೋವಿನ ಇಂಜೆಕ್ಷನ್ ಹಾಕಿಸಿಕೊಳ್ಳುವುದು ರಕ್ತಸ್ರಾವವನ್ನು ಹೆಚ್ಚಿಸಬಹುದು. ಗಂಜಿ, ಎಳನೀರು, ಓಆರ್‌ಎಸ್ ಕೊಡುತ್ತಿರಿ. ಮಲ ಕಪ್ಪಾದರೆ, ಎಲ್ಲಿಂದಲಾದರೂ ರಕ್ತ ಬಂದರೆ, ವಾಂತಿ ನಿಲ್ಲದಿದ್ದರೆ, ಮಾತು ತೊದಲಿದರೆ ಬೆಳಗಾಗುವುದನ್ನು ಕಾಯದೆ 108ಕ್ಕೆ ಕರೆ ಮಾಡಿ.

ರೋಗಿಯನ್ನು ಮುಟ್ಟಿದರೆ, ಆರೈಕೆ ಮಾಡಿದರೆ ಈ ರೋಗ ಅಂಟುವುದಿಲ್ಲ. ಬಳಗದವರು ಅಂಗಳದಲ್ಲಿ ನಿಂತೇ ಮಾತಾಡಿಸಿ ಹೋಗುವ ಅಗತ್ಯವಿಲ್ಲ.

ಲಸಿಕೆಯ ವಿಚಾರವನ್ನು ಊರಿನಲ್ಲಿ ಈಗಲೂ ಕೇಳುತ್ತಾರೆ. ಕೋಳಿ ಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ ತಯಾರಿಸುತ್ತಿದ್ದ ಹಳೆಯ ಲಸಿಕೆಯನ್ನು 1990ರ ದಶಕದಿಂದ ಕೊಡುತ್ತಿದ್ದರು. ಮೇಲಿಂದ ಮೇಲೆ ಹಾಕಿಸಿಕೊಳ್ಳಬೇಕಾಗಿತ್ತು, ಹಾಕಿಸಿಕೊಂಡವರಲ್ಲಿಯೂ ಕೆಲವರಿಗೆ ರೋಗ ಬಂತು. ಅದರ ಬಳಕೆ ನಿಂತಿದೆ, ಹೊಸದನ್ನು ರೂಪಿಸುವ ಕೆಲಸ ನಡೆದಿದೆ. ಹಿಂದೆ ಚುಚ್ಚಿಸಿಕೊಂಡಿದ್ದೇನೆ ಎಂಬ ಧೈರ್ಯದಲ್ಲಿ ಡೇಪಾ ಎಣ್ಣೆಯನ್ನು ಬಿಡುವಂತಿಲ್ಲ.

ಗುಣವಾಗಿ ಮನೆಗೆ ಬಂದವರ ವಿಷಯದಲ್ಲಿಯೂ ಒಂದು ಎಚ್ಚರ ಬೇಕು. ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರ ಆರಾಮವಾಗಿದ್ದು, ಎಲ್ಲವೂ ಮುಗಿಯಿತು ಎನ್ನುವ ಹೊತ್ತಿಗೆ ಜ್ವರ ಮತ್ತೆ ಮರಳುತ್ತದೆ. ಈ ಸಲ ಅದರ ಜೊತೆಗೆ ಬಿಡದ ತಲೆನೋವು, ಕತ್ತು ಬಿಗಿಯುವುದು, ಕೈ ನಡುಗುವುದು, ಮಂಕು ಕವಿದಂತಾಗುವುದು ಇರುತ್ತದೆ. ನಿಶ್ಶಕ್ತಿಯೆಂದು ಟಾನಿಕ್ ಕುಡಿಸುತ್ತ ಕೂರದೆ, ಹಳೆಯ ಚೀಟಿಗಳನ್ನೆಲ್ಲ ಕೈಯಲ್ಲಿ ಹಿಡಿದು ಅದೇ ಆಸ್ಪತ್ರೆಗೆ ಆ ದಿನವೇ ಕರೆದೊಯ್ಯಬೇಕು. ಎರಡನೆಯ ಜ್ವರ ಬಾರದವರಿಗೂ ಮೈಯಲ್ಲಿ ಮೊದಲಿನ ಕಸು ಮರಳಲು ವಾರಗಳೇ ಹಿಡಿಯುತ್ತವೆ. ಅಷ್ಟು ದಿನ ಸೊಪ್ಪಿನ ಹೊರೆ ಬೇರೆಯವರ ತಲೆಯ ಮೇಲಿರಲಿ.